ಗಿಟಾರ್ ಬಾರಿಸಿದ್ದು ಯಾರು, ಮಾರಾಯ್ರೇ?

ಗಿಟಾರಿನಲ್ಲಿ ಮಾರ್ಕ್ ನಾಫ್ಲರ್‌ಗಿಂತ ಮೇಲೆ ಇನ್ನೊಬ್ಬರಿಲ್ಲ ಅನ್ನುವುದು ನಮ್ಮ ಪಕ್ಕದ ಮನೆಯ ಪೊರ್ಬುಗಳ ಖಾಯಂ ತೀರ್ಪು. ಬಂದರಿನಲ್ಲಿ ದುಡಿದು ನಿವೃತ್ತರಾದವರು, ಇಗರ್ಜಿಯ ಗಾಯನ ತಂಡದಲ್ಲಿ ಈಗಲೂ ಗಿಟಾರ್ ಹಿಡಿಯುವವರು. ಅವರ ಮಾತನ್ನು ಸುಮ್ಮನೆ ತಳ್ಳಿಹಾಕುವ ಹಾಗಿಲ್ಲ. ನಾಫ್ಲರ್ ಪಿಕ್ಕಿಗಿಂತ ಬರಿಬೆರಳನ್ನೇ ನಂಬಿದವರು. ಅದಕ್ಕೇ ಅವರ ಗಿಟಾರಿನಲ್ಲಿ ಯಾರೋ ಎದುರು ಕೂತು ಮಾತಾಡಿದ ಹಾಗೆ ಏರಿಳಿತ ಉಂಟು. ಪೊರ್ಬುಗಳ ಮಗನನ್ನು ಕೇಳಿದರೆ ಮೆಟಾಲಿಕಾದ ಹೆಸರು ಬರುತ್ತದೆ. 2011ರ ಅಕ್ಟೋಬರಿನಲ್ಲಿ ಆ ತಂಡ ಬೆಂಗಳೂರಿನ ಅರಮನೆ ಮೈದಾನಕ್ಕೆ ಬಂದಿದ್ದಾಗ ರಾತ್ರಿ ಬಸ್ಸಿನಲ್ಲಿ ಘಾಟಿ ಹತ್ತಿ ಹೋದವರಲ್ಲಿ ಅವನೂ ಒಬ್ಬ. ಅಪ್ಪ ಮಗ ಇಬ್ಬರೂ ಈ ವಿಷಯಕ್ಕೆ ಬಂದರೆ ಕಾಂಪೌಂಡಿನ ಈಚೆಗಿರುವ ನಾನು ಮಧ್ಯಸ್ಥಿಕೆಗೆ ನಿಲ್ಲಬೇಕು.

ನನ್ನ ಆಯ್ಕೆ ಬೇರೆ. ಬಂದರು, ಗೊಬ್ಬರದ ಕಾರ್ಖಾನೆ, ಲಾರಿಗಳ ಸಾಲು, ಮೂರು ಪಾಳಿಯ ದುಡಿಮೆ ಇರುವ ನಮ್ಮ ಪಣಂಬೂರಿನವರಿಗೆ ಬೇಗ ಹತ್ತಿರವಾಗುವ ಗಿಟಾರಿಸ್ಟ್ ಟೋನಿ ಅಯೋಮಿ ಅಂತ ನನ್ನ ವಾದ. ಆತ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನಲ್ಲಿ ತಗಡಿನ ಕಾರ್ಖಾನೆಯ ಕೆಲಸಗಾರ. ಹದಿನೇಳರ ಹುಡುಗ. ಸಂಗೀತಕ್ಕೇ ಇಳಿಯುತ್ತೇನೆಂದು ಕೆಲಸ ಬಿಟ್ಟಾಗಿತ್ತು. ಕೊನೆಯ ದಿನ ಯಂತ್ರ ಬಲಗೈಯ ಎರಡು ಬೆರಳುಗಳ ತುದಿ ಕಿತ್ತುಕೊಂಡಿತು. ಅವನೋ ಎಡಚ, ತಂತಿ ಒತ್ತುವುದೇ ಬಲಗೈಯಲ್ಲಿ. ಇನ್ನು ಗಿಟಾರ್ ಮರೆತುಬಿಡು ಅಂದರು ವೈದ್ಯರು. ಆಗ ಕಾರ್ಖಾನೆಯ ಮೇಲಧಿಕಾರಿಯೊಬ್ಬರು ಮನೆಗೆ ಬಂದು ಒಂದು ರೆಕಾರ್ಡ್ ಕೊಟ್ಟು, ಇದನ್ನು ಕೇಳು ಅಂದರಂತೆ. ಅದು ಜಾಂಗೊ ರೈನ್‌ಹಾರ್ಟ್ ನುಡಿಸಿದ್ದು. 1928ರ ಬೆಂಕಿ ಅವಘಡದಲ್ಲಿ ಎಡಗೈಯ ಎರಡು ಬೆರಳು ಸುಟ್ಟು ಸೆಟೆದುಹೋದ ಮೇಲೆ, ಉಳಿದೆರಡು ಬೆರಳಲ್ಲೇ ತನ್ನ ದಾರಿ ಹುಡುಕಿ ಯೂರೋಪನ್ನೇ ಕುಣಿಸಿದ ಜಾಂಗೊ!

ಅಯೋಮಿ ಎದ್ದು ಕೂತ. ಪಾತ್ರೆ ತೊಳೆಯುವ ದ್ರವದ ಪ್ಲಾಸ್ಟಿಕ್ ಬಾಟಲಿ ಕರಗಿಸಿ ಬೆರಳಿಗೆ ಟೊಪ್ಪಿ ಮಾಡಿಕೊಂಡ. ತಂತಿ ಜಾರದ ಹಾಗೆ ಅದರ ಮೇಲೆ ಚರ್ಮದ ತುಂಡು ಅಂಟಿಸಿದ. ಗಟ್ಟಿ ತಂತಿ ಒತ್ತಲಾಗದು ಅಂತ ತೆಳು ತಂತಿ ಹಾಕಿದ, ಆಮೇಲೆ ಶ್ರುತಿಯನ್ನೂ ಇಳಿಸಿದ. ಅವನಿದ್ದ ಬ್ಲ್ಯಾಕ್ ಸಬ್ಬತ್ ತಂಡದ ಮೊದಲ ಆಲ್ಬಂ 1970ರಲ್ಲಿ ಬಂತು. ಆ ಕಪ್ಪು ಗಡಸು ದನಿಯ ಹಿಂದೆ ಗಾಯಗೊಂಡ ಆ ಬೆರಳುಗಳಿವೆ. ಪೊರ್ಬುಗಳ ಮಗ ಎದೆ ತಟ್ಟಿಕೊಂಡು ಹೇಳುವ ಮೆಟಾಲಿಕಾಕ್ಕೂ ಮೂಲ ಅಲ್ಲೇ.

ಈ ಕಥೆಯಲ್ಲಿ ನನಗೆ ಅಯೋಮಿಯಷ್ಟೇ ದೊಡ್ಡವರಾಗಿ ಕಾಣುವುದು ರೆಕಾರ್ಡ್ ಹಿಡಿದು ಬಂದ ಆ ಮೇಲಧಿಕಾರಿ. ಒಬ್ಬ ಕಲಾವಿದ ಹುಟ್ಟುವುದು ಇನ್ನೊಬ್ಬನನ್ನು ಕೇಳಿ. ಕೇಳಿಸಿದವರ ಋಣ ಸಣ್ಣದಲ್ಲ. ನಮ್ಮ ಕದ್ರಿ ಗೋಪಾಲನಾಥರನ್ನೇ ನೋಡಿ. ಬಂಟ್ವಾಳ ತಾಲೂಕಿನ ಸಜೀಪಮೂಡದ ನಾಗಸ್ವರದ ಮನೆಯ ಹುಡುಗ ಮೈಸೂರು ಅರಮನೆ ಬ್ಯಾಂಡಿನಲ್ಲಿ ಸ್ಯಾಕ್ಸೊಫೋನ್ ಕೇಳಿದ್ದಕ್ಕಲ್ಲವೇ ಆ ಪರದೇಶಿ ವಾದ್ಯ ಕರ್ನಾಟಕ ಸಂಗೀತಕ್ಕೆ ಒಗ್ಗಿದ್ದು? 1994ರಲ್ಲಿ ಲಂಡನ್ನಿನ ಬಿಬಿಸಿ ಪ್ರಾಮ್ಸ್ ವೇದಿಕೆಯವರೆಗೂ ಹೋದರು. ಗಿಟಾರಿಗೂ ಅಂಥವರು ಸಿಕ್ಕಿದ್ದಾರೆ. ತಂತಿಯನ್ನು ಎಳೆದು, ಜಾರಿಸಿ ಗಮಕ ತರುವ ಪ್ರಸನ್ನ ಇದ್ದಾರೆ. ಗಿಟಾರನ್ನು ತೊಡೆಯ ಮೇಲೆ ಮಲಗಿಸಿ ಹಿಂದೂಸ್ತಾನಿ ರಾಗ ಹಾಡಿಸಿದ ಬ್ರಿಜ್ ಭೂಷಣ್ ಕಾಬ್ರಾ ಇದ್ದರು. ಶಿಶುನಾಳ ಶರೀಫರ ಪದಗಳನ್ನು ಗಿಟಾರಿನ ಜತೆ ಕಾಲೇಜು ಹುಡುಗರ ಬಾಯಿಗೆ ತಂದ ಮೈಸೂರಿನ ರಘು ದೀಕ್ಷಿತ್ ಅಂತೂ ಎಲ್ಲರಿಗೂ ಗೊತ್ತು.

ಪೊರ್ಬುಗಳು ಇಷ್ಟೆಲ್ಲ ಕೇಳುತ್ತಾ ಗಿಟಾರಿನ ತಂತಿ ಒರೆಸುತ್ತಿರುತ್ತಾರೆ. ನಮ್ಮ ಕಡಲ ಗಾಳಿಯ ಉಪ್ಪು ತಂತಿಯನ್ನು ಸುಮ್ಮನೆ ಬಿಡುವುದಿಲ್ಲ. ತೆಳು ತಂತಿಗಳ ಮೇಲೆ ಕಂದು ಚುಕ್ಕಿ ಏಳುತ್ತದೆ, ಸುತ್ತು ತಂತಿಗಳು ಬೆರಳಿಗೆ ಒರಟಾಗಿ ದನಿ ಮಂಕಾಗುತ್ತದೆ. ಬಾರಿಸಿ ಮುಗಿದ ಕೂಡಲೇ ಹಳೆ ಬನಿಯನ್ನಿನ ತುಂಡಲ್ಲಿ ಒಂದೊಂದೇ ತಂತಿಯನ್ನು ಚಿವುಟಿ ಹಿಡಿದು, ಕುದುರೆಯಿಂದ ತಲೆಯವರೆಗೆ ಎಳೆದು, ಅಡಿಭಾಗದ ಬೆವರೂ ಹೋಗುವ ಹಾಗೆ ಒರೆಸಬೇಕು. ಆಟಿ ತಿಂಗಳ ಮಳೆಯಲ್ಲಿ ಇನ್ನೊಂದು ಪಜೀತಿ. ಮರ ತೇವ ಕುಡಿದು ಉಬ್ಬಿ ತಂತಿ ಮೇಲೇಳುತ್ತದೆ, ಒತ್ತಿದರೆ ಬೆರಳು ನೋಯುತ್ತದೆ. ಗಿಟಾರನ್ನು ಪೆಟ್ಟಿಗೆಯಿಂದ ಹೊರಗೆ ಬಿಡುವುದೇ ಇಲ್ಲ ಅವರು.

ಆವತ್ತು ಹಾಗೆ ಒರೆಸುತ್ತಲೇ ಅವರೊಂದು ಮಾತು ಕೇಳಿದರು. "ಬೀಚಿನಲ್ಲಿ ಸಂಜೆ ಹುಡುಗರು ಗಿಟಾರ್ ಹಿಡಿದು ಮೊದಲು ಬಾರಿಸುವುದು ಎಂಥದ್ದು ಹೇಳಿ?"

"'ನೀಲೇ ನೀಲೇ ಅಂಬರ್ ಪರ್' ಅಲ್ವಾ?"

"ಅದರ ಗಿಟಾರ್ ಬಾರಿಸಿದ್ದು ಯಾರು ಮಾರಾಯ್ರೇ?"

ಪ್ರಶ್ನೆ ಅಂದರೆ ಇದು. 1983ರ ಆ ಹಿಂದಿ ಹಾಡು ಹುಟ್ಟಿದ್ದು 1982ರ ತಮಿಳು ಹಾಡು 'ಇಳಯ ನಿಲಾ'ದಿಂದ. ಇಳಯರಾಜರ ಸಂಗೀತ, ಎಸ್.ಪಿ. ಬಾಲಸುಬ್ರಹ್ಮಣ್ಯಂ ಕಂಠ. ಇಷ್ಟು ತುಂಬ ಜನರಿಗೆ ಗೊತ್ತು. ದೇಶದ ಗಿಟಾರ್ ಕ್ಲಾಸುಗಳಲ್ಲಿ ಮಕ್ಕಳು ಇವತ್ತಿಗೂ ಬೆರಳು ತಿದ್ದುವ ಆ ತಮಿಳು ಹಾಡಿನ ಗಿಟಾರ್ ನುಡಿಸಿದವರು ಮದ್ರಾಸಿನ ಆರ್. ಚಂದ್ರಶೇಖರ್. ಅವರ ಸಹೋದರ ಪುರುಷೋತ್ತಮನ್ ಇಳಯರಾಜರ ತಂಡದ ಡ್ರಮ್ಮರ್ ಆಗಿದ್ದವರು. ನಾಫ್ಲರ್, ಹೆಂಡ್ರಿಕ್ಸ್ ಅಂತ ಪಟಪಟ ಹೇಳುವ ನಾಲಗೆಗೆ ಚಂದ್ರಶೇಖರ್ ಹೆಸರು ಬಾರದೆ ಹೋಯಿತಲ್ಲ ಎಂಬುದು ನನ್ನ ಬೇಸರ.

ಕನ್ನಡದ ಮಟ್ಟಿಗೂ ಇದೇ ಕಥೆ. ಇಳಯರಾಜ ಸ್ವತಃ ಗಿಟಾರಿಸ್ಟ್. ಲಂಡನ್ನಿನ ಟ್ರಿನಿಟಿ ಕಾಲೇಜಿನ ಪರೀಕ್ಷೆ ಪಾಸು ಮಾಡಿದವರು, ರಾಜಕುಮಾರ್ ಚಿತ್ರಗಳಿಗೆ ಸಂಗೀತ ಕೊಟ್ಟ ನಮ್ಮ ಜಿ.ಕೆ. ವೆಂಕಟೇಶ್ ಬಳಿ ಸಹಾಯಕರಾಗಿ ಪಳಗಿದವರು. ಶಂಕರ್‌ನಾಗ್ ಅವರ 'ಗೀತಾ', ಮಣಿರತ್ನಂ ಅವರ ಮೊದಲ ಚಿತ್ರ 'ಪಲ್ಲವಿ ಅನುಪಲ್ಲವಿ' – ಈ ಎರಡರ ಹಾಡುಗಳಲ್ಲಿ ಗಿಟಾರನ್ನು ತೆಗೆದುಬಿಟ್ಟು ನೆನಪಿಸಿಕೊಳ್ಳಿ ನೋಡೋಣ. ಅರ್ಧ ಜೀವ ಹೋದ ಹಾಗೆ! ಆದರೆ ಕ್ಯಾಸೆಟ್ಟಿನ ಹೊದಿಕೆಯಲ್ಲಿ ಇದ್ದದ್ದು ಸಂಗೀತ, ಸಾಹಿತ್ಯ, ಗಾಯಕರು ಅಷ್ಟೇ. ತಂತಿ ಮೀಟಿದ ಬೆರಳಿಗೆ ಅಲ್ಲಿ ಜಾಗ ಸಿಗಲಿಲ್ಲ.

ಮಂಗಳೂರಿನಲ್ಲಿ ಕೊಂಕಣಿ ಸಂಗೀತ ರಾತ್ರಿಗಳು ಬೆಳೆದದ್ದೇ ಗಿಟಾರಿನ ಮೇಲೆ. ಗಾಯಕ ವಿಲ್ಫಿ ರೆಬಿಂಬಸ್ ಹೆಸರು ಇಡೀ ಕರಾವಳಿಗೆ ಗೊತ್ತು, ಗೊತ್ತಿರಬೇಕಾದ್ದೇ. ಶಕ್ತಿನಗರದ ಕಲಾಂಗಣದಲ್ಲಿ ಮಾಂಡ್ ಸೊಭಾಣ್‌ನವರು ತಿಂಗಳು ತಿಂಗಳು ವೇದಿಕೆ ಕಟ್ಟಿ ಹಾಡಿಗೆ ಜನ ಕೂಡಿಸಿದ್ದಾರೆ. ಅಂಥ ವೇದಿಕೆಗಳಲ್ಲಿ, ಇಗರ್ಜಿಯ ಮೂಲೆಯಲ್ಲಿ, ಮದುವೆ ಹಾಲಿನ ಸ್ಟೇಜಿನಲ್ಲಿ ಗಾಯಕನ ಶ್ರುತಿ ಒಂದಿಷ್ಟು ಜಾರಿದರೂ ಕಾರ್ಡ್ ಬಿಡದೆ ಹಿಡಿದು ಹಾಡನ್ನು ದಡ ಮುಟ್ಟಿಸುವವನು ಹಿಂದೆ ನಿಂತ ರಿದಂ ಗಿಟಾರಿಸ್ಟ್. ಕೈ ವೇಗಕ್ಕೆ ಚಪ್ಪಾಳೆ ಬೀಳುತ್ತದೆ, ಬೀಳಲಿ. ನನ್ನ ಮೆಚ್ಚುಗೆ ಮಾತ್ರ ಇವನಿಗೆ ಒಂದು ಹಿಡಿ ಜಾಸ್ತಿ.

ಪೊರ್ಬುಗಳೂ ಇದಕ್ಕೆ ತಲೆ ಅಲ್ಲಾಡಿಸಿದರು. ಪ್ರಾಯಕ್ಕೆ ಬಂದಾಗಿನಿಂದ ಇಗರ್ಜಿಯಲ್ಲಿ ಬಾರಿಸುತ್ತಿದ್ದಾರೆ, ಆಮಂತ್ರಣದಲ್ಲಿ ಹೆಸರು ಬಂದದ್ದು ಕಂಡಿಲ್ಲವಂತೆ. ಅದನ್ನು ಅವರು ದೂರಿನ ದನಿಯಲ್ಲಿ ಹೇಳಲಿಲ್ಲ, ಆದರೆ ನನಗೆ ಸರಿ ಕಾಣಲಿಲ್ಲ.

ಅದಕ್ಕೇ ಕಾರ್ಯಕ್ರಮ ಮಾಡುವವರಲ್ಲಿ ನನ್ನದೊಂದು ಕೋರಿಕೆ: ಆಮಂತ್ರಣದಲ್ಲಿ ಗಾಯಕರ ಕೆಳಗೆ ಇನ್ನೆರಡು ಸಾಲಿಗೆ ಜಾಗ ಬಿಡಿ, ಗಿಟಾರ್ ಯಾರು, ಕೀಬೋರ್ಡ್ ಯಾರು, ತಬಲ ಯಾರು ಅಂತ ಅಚ್ಚು ಹಾಕಿ. ಕೇಳುಗರೇ, ಮುಂದಿನ ಸಲ ಹಾಡು ಮನಸ್ಸಿಗೆ ಹಿಡಿಸಿದರೆ ಸ್ಟೇಜಿನ ಹಿಂಬದಿಗೆ ಹೋಗಿ ಗಿಟಾರ್ ಹಿಡಿದವರ ಹೆಸರು ಕೇಳಿ, ಮನೆಗೆ ಬಂದು ಮಕ್ಕಳಿಗೂ ಹೇಳಿ.