ಪರ್ಚೇಸ್ ರಾಯರೂ ಒಂಬತ್ತನೇ ಚಿಪ್ಪೂ

ಪೀಣ್ಯದಲ್ಲಿ ನಾಲ್ಕು ಕಂಪನಿ ಹೊಕ್ಕು ಬಂದರೆ ಮೂರರಲ್ಲಾದರೂ ಒಬ್ಬ ಪರ್ಚೇಸ್ ರಾಯರು ಸಿಗುತ್ತಾರೆ. ಜೇಬಿನಲ್ಲಿ ಕೆಂಪು ಪೆನ್ನು, ಬಾಯಲ್ಲಿ "ಮೂರು ಕೊಟೇಶನ್ ಎಲ್ಲಪ್ಪಾ?" ಎಂಬ ಮಂತ್ರ. ಕಾಫಿ ಬಿಲ್ಲನ್ನೂ ಮೇಲಿನಿಂದೊಮ್ಮೆ, ಕೆಳಗಿನಿಂದೊಮ್ಮೆ ಕೂಡಿಸಿ ನೋಡದೆ ಸಹಿ ಹಾಕುವ ಜಾಯಮಾನವಲ್ಲ.

ಸರ್ವರ್ ತೆವಳುತ್ತಿದೆ, ರ‍್ಯಾಮ್ ಹೆಚ್ಚಿಸಬೇಕು ಎಂದು ಸಿಸ್ಟಮ್ಸ್ ಹುಡುಗ ಇಂಡೆಂಟ್ ತಂದರೆ ರಾಯರ ಕನ್ನಡಕ ಹಣೆಗೇರುತ್ತದೆ.

"ಇಸಿಸಿ ಅಂತ ಬರೆದಿದ್ದೀಯಲ್ಲ, ಅದಕ್ಯಾಕಯ್ಯ ಜಾಸ್ತಿ ದುಡ್ಡು?"

"ಸಾರ್, ಮಾಮೂಲಿ ರ‍್ಯಾಮ್ ಒಂದು ಸಲಕ್ಕೆ 64 ಬಿಟ್ ಸಾಗಿಸುತ್ತೆ, ಇದು 72. ಅಲ್ಲಿ ಎಂಟು ಚಿಪ್ ಇದ್ದರೆ ಇಲ್ಲಿ ಒಂಬತ್ತು."

"ಒಂಬತ್ತನೆಯದರಲ್ಲಿ ನಮ್ಮ ಫೈಲ್ ಏನಾದ್ರೂ ಹಿಡಿಯುತ್ತಾ?"

"ಇಲ್ಲ ಸಾರ್. ಉಳಿದವರ ಲೆಕ್ಕ ತಾಳೆ ನೋಡುತ್ತೆ. ಒಂದು ಬಿಟ್ ತಪ್ಪಿದರೆ ತಿದ್ದುತ್ತೆ, ಎರಡು ತಪ್ಪಿದರೆ ಗಲಾಟೆ ಮಾಡುತ್ತೆ."

"ತಾನು ಏನೂ ಹೊರದೆ ಬೇರೆಯವರ ತಪ್ಪು ಹಿಡಿಯೋನಿಗೆ ಯಾವ ಕಂಪನಿಯಪ್ಪಾ ಸಂಬಳ ಕೊಡುತ್ತೆ?"

ಅಕೌಂಟ್ಸ್ ವಿಭಾಗದ ಕಡೆಯಿಂದ ಯಾರೋ ಕೆಮ್ಮಿದರು. ರಾಯರಿಗೆ ಕೇಳಿಸಲಿಲ್ಲ.

ಹುಡುಗ ಬೆಲ್ಜಿಯಂ ಕಥೆ ತೆಗೆದ. 2003ರ ಚುನಾವಣೆಯಲ್ಲಿ, ಬ್ರಸೆಲ್ಸ್ ಪ್ರದೇಶದ ಸ್ಕಾರ್‌ಬೀಕ್‌ನಲ್ಲಿ, ಒಬ್ಬ ಅಭ್ಯರ್ಥಿಗೆ ಯಾರೂ ಹಾಕದ 4096 ಮತ ಬಿದ್ದವು. ಹನ್ನೆರಡು ಎರಡುಗಳನ್ನು ಒಂದಕ್ಕೊಂದು ಗುಣಿಸಿದರೆ ಸರಿಯಾಗಿ ಅಷ್ಟೇ ಬರುತ್ತದೆ. ಕಂಪ್ಯೂಟರಿನ ಮೆಮೊರಿಯಲ್ಲಿ ಒಂದೇ ಒಂದು ಬಿಟ್ ಸೊನ್ನೆಯಿಂದ ಒಂದಾಗಿರಬೇಕು ಎಂದು ಬಲ್ಲವರು ಹೇಳಿದರು.

"ನಾವೇನು ಎಲೆಕ್ಷನ್ನಿಗೆ ನಿಂತಿದ್ದೀವಾ?"

"ಹಂಗೇ ಸಪ್ಲೈಯರ್ ಬಿಲ್ಲಿಗೆ 4096 ರೂಪಾಯಿ ಸೇರಿಕೊಂಡರೆ ಸಾರ್?"

ಕೆಂಪು ಪೆನ್ನು ಜೇಬಿನಿಂದ ಹೊರಬಂತು. ಇಸಿಸಿ ಮಂಜೂರಾಯಿತು.

ಕಥೆ ಇಲ್ಲಿಗೆ ಮುಗಿದರೆ ಅವರು ಪರ್ಚೇಸ್ ರಾಯರೇ ಅಲ್ಲ. ಹುಡುಗ ಊರಹಬ್ಬಕ್ಕೆ ರಜೆ ಹಾಕಿದ ವಾರ ಖುದ್ದು ಎಸ್.ಪಿ. ರೋಡಿಗೆ ಹೋದರು. ಸರ್ವರಿನಲ್ಲಿ ಇದ್ದದ್ದು ಡಿಡಿಆರ್4 ರಿಜಿಸ್ಟರ್ಡ್ ಮಾಡ್ಯೂಲ್. ಅಂಗಡಿಯಲ್ಲಿ ಅಗ್ಗಕ್ಕೆ ಸಿಕ್ಕಿದ್ದು ಅನ್‌ಬಫರ್ಡ್. ಅದೂ ಇಸಿಸಿ, ಇದೂ ಇಸಿಸಿ. ಎರಡಕ್ಕೂ 288 ಪಿನ್, ಮೆಮೊರಿ ಚಿಪ್ ಎಣಿಸಿದರೆ ಒಂಬತ್ತಕ್ಕೆ ಒಂಬತ್ತು. ಇನ್ನೇನು ಬೇಕು? ಜಿಎಸ್‌ಟಿ ಬಿಲ್ ಪಡೆದು, ಅದನ್ನೂ ಎರಡು ಸಲ ಕೂಡಿಸಿ, ಆಟೋ ಬದಲು ಬಸ್ಸಿನಲ್ಲಿ ಬಂದರು.

ಹೊಸದು ಸ್ಲಾಟಿನಲ್ಲಿ ಹಳೆಯದರ ಪಕ್ಕ ಜಮ್ಮನೆ ಕೂತಿತು. ಸರ್ವರ್ ಮಾತ್ರ ಏಳಲಿಲ್ಲ. ಈ ಎರಡು ಜಾತಿ ಒಂದೇ ಬೋರ್ಡಿನಲ್ಲಿ ಬೆರೆಯುವುದಿಲ್ಲ.

"ಕೂತ್ಕೊಂಡ್ತಲ್ಲಯ್ಯ!" ಎಂದು ರಾಯರು ಫೋನಿನಲ್ಲಿ ಹುಡುಗನ ಮೇಲೇ ರೇಗಿದರು. ಅವನು ಲೇಬಲ್ ಓದಿಸಿದ. ಹಳೆಯದರಲ್ಲಿ ವೇಗದ ಅಂಕಿ ಮುಗಿದ ಮೇಲೆ 'ಆರ್', ಹೊಸದರಲ್ಲಿ 'ಇ'. ಇನ್‌ವಾಯ್ಸಿನಲ್ಲಿ ಒಂದು ಅಕ್ಷರ ತಪ್ಪಿದರೆ ವಾಪಸ್ ಕಳಿಸುವ ಮಹಾನುಭಾವರ ಕಣ್ಣಿಗೆ ಇದೊಂದು ಅಕ್ಷರ ಬಿದ್ದಿರಲಿಲ್ಲ.

ನಿಮ್ಮ ಆಫೀಸಿನಲ್ಲೂ ಇಂಥ ರಾಯರಿದ್ದರೆ ಇಂಡೆಂಟಿನಲ್ಲಿ ಬರೀ 'ಇಸಿಸಿ ರ‍್ಯಾಮ್' ಎಂದು ಬರೆಯಬೇಡಿ. ಸರ್ವರ್ ತಯಾರಕರ ಪಟ್ಟಿಯಲ್ಲಿರುವ ಪಾರ್ಟ್ ನಂಬರನ್ನು ಪೂರ್ತಿ ಬರೆಯಿರಿ. ಅದಕ್ಕೂ ಮೂರು ಕೊಟೇಶನ್ ಕೇಳುತ್ತಾರೆ, ಕೇಳಲಿ ಬಿಡಿ.