ಸ್ವಯಂಭೂ ವ್ಯಂಗ್ಯಚಿತ್ರಕಾರ

ಈತನಿಗೆ ಗುರುವಿಲ್ಲ. ಹಾಗೆಂದು ಮೊದಲ ಭೇಟಿಯಲ್ಲೇ ಹೇಳುತ್ತಾನೆ, ಎರಡನೆಯ ಭೇಟಿಯಲ್ಲೂ ಹೇಳುತ್ತಾನೆ. ಮುಂದಿನ ಮಾತು ಊರಿಗೆಲ್ಲ ಬಾಯಿಪಾಠ: "ಆರ್.ಕೆ. ಲಕ್ಷ್ಮಣ್ ಅವರಿಗೇ ಮುಂಬೈಯ ಜೆ.ಜೆ. ಆರ್ಟ್ ಸ್ಕೂಲಿನಲ್ಲಿ ಸೀಟು ಕೊಡಲಿಲ್ಲ ಸಾರ್!" ನಿಜ, ಕೊಡಲಿಲ್ಲ. ಆದರೆ ಲಕ್ಷ್ಮಣ್ ಅರ್ಜಿಯನ್ನಾದರೂ ಹಾಕಿದ್ದರು. ಅವರು ಬರೆದು ರಾಶಿ ಹಾಕಿದ ಕಾಗೆಗಳ, ಹಾಸ್ಯಪತ್ರಿಕೆ 'ಕೊರವಂಜಿ'ಗೆ ಬರೆದ ಚಿತ್ರಗಳ ವಿಷಯ ಎತ್ತಿದರೆ ಈತನಿಗೆ ತಟ್ಟನೆ ಕಾಫಿ ನೆನಪಾಗುತ್ತದೆ. ಕುಂದಾಪುರದ ಕಡೆಯವನಾದರಂತೂ ಕೇಳುವುದೇ ಬೇಡ. ಅಲ್ಲಿನ ವ್ಯಂಗ್ಯಚಿತ್ರಕಾರ ಸತೀಶ್ ಆಚಾರ್ಯರೂ ಕಲಾಶಾಲೆಯ ಮೆಟ್ಟಿಲು ಹತ್ತಿದವರಲ್ಲ, ಎಂಬಿಎ ಓದಿದವರು. ಈತ ಎಂಬಿಎಯನ್ನೂ ಓದದೆ ಅವರಿಗಿಂತ ಒಂದು ಹೆಜ್ಜೆ ಮುಂದಿದ್ದಾನೆ.

ಮೊದಲು ಪಳಗಿದ್ದು ಸಹಿ. ಬಾಲ ಮೇಲಕ್ಕೋ ಕೆಳಕ್ಕೋ ಎಂಬುದು ಇತ್ಯರ್ಥವಾದ ಮೇಲೆ ಚಿತ್ರಕ್ಕೆ ಕೈ ಹಚ್ಚಿದ. ಕೈ ಎಂದೆನಲ್ಲ, ಅದೇ ತೊಡಕು: ಈತನಿಗೆ ಕೈ ಬರೆಯಲು ಬರುವುದಿಲ್ಲ. ಐದು ಬೆರಳು ಕೂಡಿದರೆ ಬಾಳೆಗೊನೆಯಾಗುತ್ತದೆ. ಹಾಗಾಗಿ ಈತನ ಮಂತ್ರಿಗಳೆಲ್ಲ ಕೈಯನ್ನು ಬೆನ್ನ ಹಿಂದೆ ಕಟ್ಟಿ ನಿಲ್ಲುತ್ತಾರೆ. ಸರ್ಕಾರದ ನಿಷ್ಕ್ರಿಯತೆಗೆ ಎಂಥ ಚಾಟಿ ಎಂದು ಓದುಗರೊಬ್ಬರು ಮೆಚ್ಚಿ ಪತ್ರ ಬರೆದರು. ಆ ಪತ್ರಕ್ಕೆ ಫ್ರೇಮು ಹಾಕಿಸಿದ್ದಾನೆ.

ಇನ್ನು ಮುಖ. 2018ರ ಮೇ ತಿಂಗಳು ಈತನ ಪಾಲಿಗೆ ಕರಾಳ. ವರ್ಷಗಟ್ಟಲೆ ತಿದ್ದಿ ತಿದ್ದಿ ಸಿದ್ದರಾಮಯ್ಯನವರನ್ನು ಹಿಡಿತಕ್ಕೆ ತಂದುಕೊಂಡಿದ್ದ. 17ಕ್ಕೆ ಯಡಿಯೂರಪ್ಪ ಬಂದರು. ಮೀಸೆ ಇಲ್ಲದ ಮುಖಕ್ಕೆ ಹಿಡಿಯುವುದೇನನ್ನು ಎಂದು ಯೋಚಿಸುತ್ತಿರುವಾಗಲೇ 19ಕ್ಕೆ ರಾಜೀನಾಮೆ. 23ಕ್ಕೆ ಕುಮಾರಸ್ವಾಮಿ. ಮುಖ್ಯಮಂತ್ರಿಗಳಿಗೇನು, ಪ್ರಮಾಣವಚನ ಸ್ವೀಕರಿಸಿದರೆ ಮುಗಿಯಿತು; ಮೂಗು ಕಲಿಯಬೇಕಾದವನು ಈತ. ಮುಖ ಸಿಗದಿದ್ದಾಗ ಪಂಚೆಯ ಮೇಲೆ 'ಮುಖ್ಯಮಂತ್ರಿ' ಎಂದು ಬರೆಯುತ್ತಾನೆ, ಮೊಸಳೆಯ ಮೇಲೆ 'ಬೆಲೆ ಏರಿಕೆ', ಹೊಂಡದ ಮೇಲೆ 'ಹೊಂಡ'. ಸಂಪಾದಕರೊಬ್ಬರು "ಚಿತ್ರ ಕಡಿಮೆ ಮಾಡಿದರೆ ಇದನ್ನೇ ಲೇಖನವಾಗಿ ಹಾಕಬಹುದು" ಎಂದರಂತೆ. ಈತ ಅದನ್ನು ಹೊಗಳಿಕೆಯ ಖಾತೆಗೆ ಬರೆದುಕೊಂಡ.

ಇಷ್ಟೆಲ್ಲ ತಮಾಷೆ ಮಾಡಿದರೂ, ಬಿಡದೆ ಗೀಚುವವನಿಗೆ ಗೆರೆ ಒಂದು ದಿನ ಒಲಿಯುತ್ತದೆ. ಇವನಿಗೂ ಒಲಿಯಿತು, ಬೆರಳುಗಳ ಸಮೇತ. ಒಲಿಯದ್ದು ದುಡ್ಡು. ವಿಸಿಟಿಂಗ್ ಕಾರ್ಡಿನಲ್ಲಿ 'ವೃತ್ತಿಪರ ಕಾರ್ಟೂನಿಸ್ಟ್' ಎಂದಿದೆ, ರೇಟು ಹೇಳಲು ಬಾಯಿ ಬರುವುದಿಲ್ಲ. ಸಂಘದವರು ಬ್ಯಾನರು, ಸ್ಮರಣ ಸಂಚಿಕೆ ಎಲ್ಲಕ್ಕೂ ಬರೆಸಿಕೊಂಡು ಶಾಲು ಹೊದಿಸುತ್ತಾರೆ. ಮನೆಯಲ್ಲಿ ಶಾಲುಗಳು ಧಾರಾಳವಾಗಿವೆ, ಊರಿನ ಚಳಿ ಸಾಲುತ್ತಿಲ್ಲ.

ಚಿಕ್ಕಪ್ಪನ ಷಷ್ಟಿಪೂರ್ತಿ ಬಂತು. "ಆಮಂತ್ರಣಕ್ಕೆ ನನ್ನದೊಂದು ತಮಾಷೆ ಚಿತ್ರ ಬರ್ಕೊಡೋ. ನಿನಗೇನು, ಎರಡು ನಿಮಿಷದ ಕೆಲಸ!" ಎರಡು ರಾತ್ರಿ ಕೂತು ಬರೆದ. ಚಿಕ್ಕಮ್ಮ ನೋಡಿದರು. "ಇವರ ಮೂಗು ಇಷ್ಟು ದಪ್ಪ ಇದೆಯೇನೋ?" ಮೂಗು ಇಳಿಸಿದ. ಹೊಟ್ಟೆ ಕರಗಿಸಿದ. ಬೋಳುತಲೆಗೆ ಕೂದಲು ನೆಟ್ಟ. ಕೊನೆಗೆ ಉಳಿದದ್ದು ಪಾಸ್‌ಪೋರ್ಟ್ ಫೋಟೊ. "ಈಗ ನೋಡು, ಥೇಟ್ ಇವರೇ!" ಎಂದು ಚಿಕ್ಕಮ್ಮ ಒಪ್ಪಿದರು. "ಎಷ್ಟಾಯ್ತೋ?" ಎಂದು ಚಿಕ್ಕಪ್ಪ ಕೇಳಿದರು, ಕೈ ಜೇಬಿನ ಹತ್ತಿರವೂ ಸುಳಿಯಲಿಲ್ಲ. "ಅಯ್ಯೋ ಬಿಡಿ ಚಿಕ್ಕಪ್ಪ" ಎಂದ ನಮ್ಮ ವೃತ್ತಿಪರ. ಅಡುಗೆಭಟ್ಟರಿಗೂ ಫೋಟೊಗ್ರಾಫರನಿಗೂ ತಿಂಗಳ ಮೊದಲೇ ಅಡ್ವಾನ್ಸ್ ಹೋಗಿತ್ತು.

ನಿಮ್ಮ ನೆಂಟರಲ್ಲೂ ಇಂಥವನೊಬ್ಬ ಇದ್ದರೆ, ಚಿತ್ರ ಬೇಕೆನ್ನುವ ಮೊದಲು ರೇಟು ಕೇಳಿ. "ಅಯ್ಯೋ ಬಿಡಿ" ಎಂದರೆ ಬಿಡಬೇಡಿ. ಫೋಟೊಗ್ರಾಫರನಿಗೆ ಕೊಟ್ಟದ್ದರಲ್ಲಿ ಕಾಲುಭಾಗವನ್ನಾದರೂ ಅವನ ಜೇಬಿಗೆ ತುರುಕಿ. ಮೂಗಿನ ತಂಟೆಗೆ ಮಾತ್ರ ಹೋಗಬೇಡಿ.