ಭಾವನ ಡೀಸೆಲ್ ಪುರಾಣ

ಕಾಸರಗೋಡು ಬಿಟ್ಟು ಕೊಚ್ಚಿ ಸೇರಿದ ನಮ್ಮ ಭಾವನ ಬಳಿ 2005ರ ಡೀಸೆಲ್ ಕಾರೊಂದಿದೆ, ಡಿಕ್ಕಿ ಇರುವಂಥದ್ದು. ಅದರ ಗುಣದೋಷ ನೋಡಲೆಂದೇ ನನ್ನನ್ನೂ ಅಕ್ಕನನ್ನೂ ತಿರುವನಂತಪುರಕ್ಕೆ ಹೊರಡಿಸಿದರು. ಇನ್ನೂರು ಚಿಲ್ಲರೆ ಕಿಲೋಮೀಟರ್.

ಕೀ ತಿರುಗಿಸಿದರೆ ಥೇಟ್ ಹಿಟ್ಟಿನ ಗಿರಣಿ. ಪಕ್ಕದ ಮನೆಯ ಚೇಚಿ ಅಕ್ಕಿ ಹಿಡಿದು ಬರಲಿಲ್ಲ, ಅಷ್ಟೆ.

"ಸದ್ದಲ್ಲ ಮಾರಾಯ, ಟಾರ್ಕು!"

ಟಾರ್ಕು ಸುಳ್ಳಲ್ಲ. ಆಲಪ್ಪುಳ ದಾಟಿದ ಮೇಲೆ ಗೇರು ಇಳಿಸದೆಯೇ ಲಾರಿಯನ್ನು ಹಿಂದಿಕ್ಕಿತು. ಆದರೆ ಆಕ್ಸಿಲರೇಟರ್ ಒತ್ತಿದ ಕೂಡಲೇ ಅಲ್ಲ. ಟರ್ಬೊ ಎಚ್ಚರಾಗಿ, ಆಕಳಿಸಿ, ಆಮೇಲೆ. ವೈಟ್ಟಿಲ ಜಂಕ್ಷನ್ನಿನಲ್ಲಿ ಕ್ಲಚ್ಚು ತುಳಿದ ಭಾವನ ಎಡಗಾಲು ಕೊಲ್ಲಂವರೆಗೂ ನಡುಗುತ್ತಿತ್ತು. ಮೈಲೇಜನ್ನು ಮಾತ್ರ ಮಗನ ಅಂಕಪಟ್ಟಿಯಂತೆ ದಾರಿಯುದ್ದಕ್ಕೂ ಓದಿದರು.

2016ರಲ್ಲಿ ಹಸಿರು ನ್ಯಾಯಮಂಡಳಿ ಹತ್ತು ವರ್ಷ ದಾಟಿದ ಡೀಸೆಲ್ ಗಾಡಿ ಕೊಚ್ಚಿ, ತಿರುವನಂತಪುರವೂ ಸೇರಿ ಆರು ನಗರಗಳಲ್ಲಿ ಓಡಬಾರದು ಎಂದಿತ್ತು. ಆಗ ಭಾವ ಕಾರಿನ ವಯಸ್ಸು ಕೇಳಿದವರಿಗೆಲ್ಲ ಎರಡು ವರ್ಷ ಕಡಿಮೆ ಹೇಳುತ್ತಿದ್ದರು, ಜಾತಕ ತಿದ್ದುವ ಮದುವೆ ದಲ್ಲಾಳಿಯ ಹಾಗೆ.

ತಿರುವನಂತಪುರದಲ್ಲಿ ಇಳಿದ ಅಕ್ಕ ಸೊಂಟ ನೀವಿಕೊಂಡಳು: "ವಾಪಸು ನಾನು ವಂದೇ ಭಾರತ್‌ನಲ್ಲಿ ಬರ್ತೇನೆ."

ಭಾವ ಡಿಕ್ಕಿಯೊಳಗೆ ಎರಡನೇ ಹಲಸಿನ ಹಣ್ಣು ತುರುಕುತ್ತಾ ಕೇಳಿದರು: "ಅದಕ್ಕೆ ಡಿಕ್ಕಿ ಉಂಟಾ?"